ಮಿತಿ ಮೀರಿದ ಜೂನ್: 2022ರ ಯೆಲ್ಲೊಸ್ಟೋನ್ ನೆರೆ ಹುಟ್ಟಿದ ಬಗೆ

ಅಮೆರಿಕದ ಮೊಂಟಾನಾ ರಾಜ್ಯದ ಕಾರ್ವಿನ್ ಸ್ಪ್ರಿಂಗ್ಸ್ ಎಂಬಲ್ಲಿ ಯೆಲ್ಲೊಸ್ಟೋನ್ ನದಿಯ ಮಟ್ಟ ಅಳೆಯುವ ಕೇಂದ್ರವೊಂದಿದೆ. ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ಅಳಿಯದೆ ಉಳಿದಿದ್ದ ದಾಖಲೆ 11.5 ಅಡಿ, 1918ರ ಜೂನ್ 14ರದು. 2022ರ ಜೂನ್ 13ರ ಸೋಮವಾರ ಅದೇ ನದಿ 13.88 ಅಡಿಗೆ ಏರಿತು. ಹರಿವು ಸುಮಾರು 50 ಸಾವಿರ ಕ್ಯೂಸೆಕ್ ಎಂಬುದು ಆರಂಭದ ಅಂದಾಜು. ಹಿಂದಿನ ಗರಿಷ್ಠ ಹರಿವು 32 ಸಾವಿರದ ಆಸುಪಾಸಿನಲ್ಲಿತ್ತು. ಹಳೆಯ ದಾಖಲೆಯನ್ನು ಕೂದಲೆಳೆಯಷ್ಟು ಮೀರಿದ್ದರೆ ಅದೊಂದು ಸುದ್ದಿಯಾಗಿ ಮುಗಿಯುತ್ತಿತ್ತು. ಒಂದೂವರೆ ಪಟ್ಟು ಮೀರಿತೆಂದರೆ ಆ ನದಿಗೆ ನೀರು ಬರುವ ಕ್ರಮದಲ್ಲೇ ಏನೋ ಬೇರೆಯಾಗಿದೆ ಎಂದು ಅನುಮಾನಿಸಬೇಕಾಗುತ್ತದೆ. ಈ ಬರಹ ಆ ಅನುಮಾನದ ಬೆನ್ನು ಹತ್ತಿದ್ದು.

ಹಾನಿಯ ವಿವರ ಬಹುತೇಕರಿಗೆ ಗೊತ್ತಿರುವಂಥದ್ದು, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಅದು 150ನೇ ವರ್ಷ. ಉದ್ಯಾನದ ಐದೂ ಪ್ರವೇಶದ್ವಾರಗಳನ್ನು ಮುಚ್ಚಲಾಯಿತು. 1988ರ ಕಾಳ್ಗಿಚ್ಚಿನ ನಂತರ ಹಾಗಾಗಿದ್ದು ಅದೇ ಮೊದಲು. ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ಹೊರಗೆ ಕಳುಹಿಸಬೇಕಾಯಿತು. ಗಾರ್ಡಿನರ್ ಪಟ್ಟಣದಿಂದ ಉದ್ಯಾನದೊಳಗಿನ ಮ್ಯಾಮತ್‌ಗೆ ಹೋಗುವ ರಸ್ತೆ ಹಲವೆಡೆ ನದಿಯ ಪಾಲಾಯಿತು. ಉದ್ಯಾನದ ನೌಕರರ ಕುಟುಂಬಗಳಿದ್ದ ವಸತಿ ಕಟ್ಟಡವೊಂದು ದಡ ಕುಸಿದು ಹಾಗೆಯೇ ನದಿಗಿಳಿದು ತೇಲಿಹೋದ ದೃಶ್ಯ ಜಗತ್ತಿನ ಎಲ್ಲ ಟಿವಿಗಳಲ್ಲೂ ಬಂತು. ಪೂರ್ವದಲ್ಲಿ ರೆಡ್ ಲಾಡ್ಜ್ ಊರಿನ ಬೀದಿಗಳಲ್ಲಿ ರಾಕ್ ಕ್ರೀಕ್ ಎಂಬ ತೊರೆ ಹರಿಯಿತು. ಕೆಳಗಡೆ ಬಿಲ್ಲಿಂಗ್ಸ್ ನಗರ ತನ್ನ ನೀರು ಶುದ್ಧೀಕರಣ ಘಟಕವನ್ನು ಕೆಲಕಾಲ ನಿಲ್ಲಿಸಿತು.

ಆ ವಾರ ಸುದ್ದಿಗಳಲ್ಲಿ ಮತ್ತೆ ಮತ್ತೆ ಬಂದ ವಿವರಣೆ ಒಂದೇ: ಬೆಚ್ಚನೆಯ ಮಳೆ ಬಂದು ಬೆಟ್ಟದ ಹಿಮವನ್ನೆಲ್ಲ ಕರಗಿಸಿಬಿಟ್ಟಿತು. ಕೇಳಲು ಸರಿಯೆನಿಸುವ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ದಾರಿ ತಪ್ಪಿಸುತ್ತದೆ.

ಮೊದಲು ಆ ವರ್ಷದ ವಸಂತದ ಬಗ್ಗೆ ಹೇಳಬೇಕು. ಚಳಿಗಾಲದಲ್ಲಿ ಬಿದ್ದ ಹಿಮ ಹೇಳಿಕೊಳ್ಳುವಷ್ಟು ಇರಲಿಲ್ಲ. ಆದರೆ ಏಪ್ರಿಲ್ ಮತ್ತು ಮೇ ತಿಂಗಳುಗಳು ತಂಪಾಗಿ, ತೇವವಾಗಿ ಕಳೆದವು. ಕರಗಬೇಕಾದ ಹೊತ್ತಿನಲ್ಲಿ ಹಿಮ ಕರಗಲಿಲ್ಲ, ಮೇಲಿಂದ ಹೊಸದೂ ಬಿತ್ತು. ಹೀಗಾಗಿ ಜೂನ್ ಆರಂಭವಾದಾಗ ಅಬ್ಸರೋಕಾ ಮತ್ತು ಬೇರ್‌ಟೂತ್ ಪರ್ವತಗಳ ಎತ್ತರದ ಪಟ್ಟಿಯಲ್ಲಿ ಆ ದಿನಾಂಕಕ್ಕೆ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚು ಹಿಮ ಉಳಿದಿತ್ತು. ಅಸಾಧಾರಣ ಪ್ರಮಾಣದ ಹಿಮ ಅದಲ್ಲ. ಅದು ಅಲ್ಲಿದ್ದ ಹೊತ್ತು ಮಾತ್ರ ಕೆಟ್ಟದ್ದು: ಸೂರ್ಯ ಅತ್ಯಂತ ಪ್ರಖರವಾಗಿರುವ, ಮಣ್ಣಿನ ಹೆಪ್ಪು ಬಿಟ್ಟಿರುವ, ತೊರೆಗಳು ಆಗಲೇ ತುಂಬಿ ಹರಿಯುತ್ತಿರುವ ಹೊತ್ತು.

ಬರೀ ಹಿಮದ ನೆರೆಗೆ ಒಂದು ಮೇಲ್ಮಿತಿ ಇದೆ. ಇಡೀ ಪ್ರಕರಣದ ತಿರುಳು ಅಲ್ಲೇ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ಹಿಮವನ್ನು ಸೊನ್ನೆ ಡಿಗ್ರಿಯ ನೀರಾಗಿಸಲು 334 ಕಿಲೋಜೂಲ್ ಶಾಖ ಬೇಕು. ಜೂನ್ ತಿಂಗಳ ಮೋಡವಿಲ್ಲದ ದಿನದಲ್ಲಿ ಒಂದು ಚದರ ಮೀಟರ್ ಬೆಟ್ಟದ ಮೇಲೆ ಸುಮಾರು 30 ಮೆಗಾಜೂಲ್ ಬಿಸಿಲು ಬೀಳುತ್ತದೆ ಎಂದುಕೊಳ್ಳೋಣ. ಹಳತಾದ, ಧೂಳು ಕೂತ ಹಿಮ ಕೂಡ ಅದರಲ್ಲಿ ಅರ್ಧದಷ್ಟನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ಒಳಗೆ ಸೇರಿದ್ದರಲ್ಲೂ ಒಂದು ಪಾಲು ರಾತ್ರಿ ಶಾಖವಿಕಿರಣವಾಗಿ ಹೊರಟುಹೋಗುತ್ತದೆ. ಬೆಚ್ಚನೆಯ ಗಾಳಿ ಕೊಡುವುದನ್ನೂ ಸೇರಿಸಿ ಕೂಡಿ ಕಳೆದರೆ ದಿನಕ್ಕೆ ಕರಗುವುದು 30ರಿಂದ 50 ಮಿಲಿಮೀಟರ್ ನೀರು. ಸೂರ್ಯನ ಹತ್ತಿರ ಅದಕ್ಕಿಂತ ಹೆಚ್ಚು ಬಂಡವಾಳವಿಲ್ಲ. ಅದೂ ಹಿಮ ಇರುವ ಜಾಗದಲ್ಲಿ ಮಾತ್ರ. ಜೂನ್ ಹೊತ್ತಿಗೆ ಕೆಳಗಿನ ಇಳಿಜಾರುಗಳೂ ದಕ್ಷಿಣಕ್ಕೆ ಮುಖ ಮಾಡಿದ ಬೆಟ್ಟಗಳೂ ಬರಿದಾಗಿರುತ್ತವೆ. ಇಡೀ ಜಲಾನಯನ ಪ್ರದೇಶಕ್ಕೆ ಹಂಚಿ ನೋಡಿದರೆ ಸರಾಸರಿ ಇನ್ನೂ ಕಡಿಮೆಯಾಗುತ್ತದೆ.

ಈಗ ನದಿಯ ಕಡೆಯಿಂದ ಲೆಕ್ಕ ಹಾಕೋಣ. ಕಾರ್ವಿನ್ ಸ್ಪ್ರಿಂಗ್ಸ್‌ಗಿಂತ ಮೇಲಿನ ಜಲಾನಯನ ಪ್ರದೇಶ ಸುಮಾರು 2,600 ಚದರ ಮೈಲಿ, ಅಂದರೆ 6,800 ಚದರ ಕಿಲೋಮೀಟರ್‌ನ ಆಸುಪಾಸು. 32 ಸಾವಿರ ಕ್ಯೂಸೆಕ್ ಹರಿವು ಒಂದು ದಿನವಿಡೀ ನಿಂತರೆ ಅದು ಈ ಪ್ರದೇಶದ ಮೇಲೆ ಹರಡಿದ ಹನ್ನೊಂದೂವರೆ ಮಿಲಿಮೀಟರ್ ನೀರಿಗೆ ಸಮ. ಹಿಮಕ್ಕಿರುವ ಮಿತಿಯೊಂದಿಗೆ ಇದು ಚೆನ್ನಾಗಿ ತಾಳೆಯಾಗುತ್ತದೆ. 1996 ಮತ್ತು 1997ರ ಜೂನ್‌ಗಳಲ್ಲಿ ಒಂದರ ಹಿಂದೊಂದು ಬಂದ ದೊಡ್ಡ ನೆರೆಗಳು ಎರಡೂ 32 ಸಾವಿರದ ಹತ್ತಿರವೇ ನಿಂತದ್ದು ಕಾಕತಾಳೀಯವೆಂದು ನನಗನ್ನಿಸುವುದಿಲ್ಲ. ಹಿಮ ಎಷ್ಟೇ ದಪ್ಪವಿದ್ದರೂ ಒಂದು ದಿನದಲ್ಲಿ ಕರಗುವುದು ಸೂರ್ಯ ಕೊಟ್ಟಷ್ಟೇ. ಹೆಚ್ಚು ಹಿಮ ಬಿದ್ದರೆ ನೆರೆ ಹೆಚ್ಚು ದಿನ ನಿಲ್ಲುತ್ತದೆ. ಅದರ ಎತ್ತರ ಅದೇ ಪ್ರಮಾಣದಲ್ಲಿ ಏರುವುದಿಲ್ಲ.

2022ರ ಜೂನ್ 10ರಿಂದ 13ರವರೆಗೆ ಪೆಸಿಫಿಕ್ ಸಾಗರದಿಂದ ತೇವಾಂಶ ಹೊತ್ತು ತಂದ ವಾಯುಪ್ರವಾಹವೊಂದು ಈ ಪರ್ವತಗಳಿಗೆ ಬಡಿಯಿತು. ಪರ್ವತಗಳ ಮೇಲೆ ಎರಡು ಮೂರು ಅಂಗುಲ, ಕೆಲವೆಡೆ ಅದಕ್ಕೂ ಹೆಚ್ಚು ಮಳೆಯಾಯಿತು. ಅದೇ ಅವಧಿಯಲ್ಲಿ ಕರಗಿದ ಹಿಮದ ನೀರು ಕೆಲವು ತಾಣಗಳಲ್ಲಿ ಐದು ಅಂಗುಲ ದಾಟಿತು. ಐದು ಅಂಗುಲ ಎಂದರೆ ಸುಮಾರು 130 ಮಿಲಿಮೀಟರ್. ಮೂರು ದಿನಕ್ಕೆ ಹಂಚಿದರೆ ದಿನಕ್ಕೆ ನಲವತ್ತು ಚಿಲ್ಲರೆ. ಹಿಮದ ಮಿತಿಯ ಮೇಲಂಚು ಅದು, ಆದರೂ ಮಿತಿಯ ಒಳಗೇ ಇದೆ. ವಿಚಿತ್ರವೆಂದರೆ ಆ ದಿನಗಳಲ್ಲಿ ಬಿಸಿಲೇ ಇರಲಿಲ್ಲ. ಹಾಗಿದ್ದರೆ ಶಾಖ ಎಲ್ಲಿಂದ ಬಂತು?

ಮಳೆಯಿಂದ ಎಂದು ಹೇಳುವವರು ಒಂದು ಗುಣಾಕಾರ ಮಾಡಿ ನೋಡಬೇಕು. ಮೂರು ಅಂಗುಲ, ಅಂದರೆ 75 ಮಿಲಿಮೀಟರ್ ಮಳೆ, 7 ಡಿಗ್ರಿ ಉಷ್ಣತೆಯಲ್ಲಿ ಬಿತ್ತು ಎನ್ನೋಣ. ಚದರ ಮೀಟರಿಗೆ 75 ಕಿಲೋ ನೀರು ಏಳು ಡಿಗ್ರಿಯಿಂದ ಸೊನ್ನೆಗೆ ಇಳಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 2.2 ಮೆಗಾಜೂಲ್. ಅದು ಕರಗಿಸಬಲ್ಲದ್ದು ಆರೂವರೆ ಮಿಲಿಮೀಟರ್ ಹಿಮನೀರು. ಕರಗಿದ 130ರಲ್ಲಿ ಆರೂವರೆ! ಮಳೆಹನಿಯ ಬಿಸುಪಿನ ಪಾಲು ಅಷ್ಟೇ.

ಉಳಿದದ್ದನ್ನು ಕೊಟ್ಟದ್ದು ಗಾಳಿ. ಆ ಗಾಳಿ ಬೆಚ್ಚಗಿತ್ತು, ಜೋರಾಗಿತ್ತು, ತೇವದಿಂದ ತುಂಬಿತ್ತು. ಹಿಮದ ಮೇಲ್ಮೈ ಎಂದಿಗೂ ಸೊನ್ನೆ ಡಿಗ್ರಿಗಿಂತ ಮೇಲೇರದು. ತೇವ ತುಂಬಿದ ಗಾಳಿ ಅದಕ್ಕೆ ತಾಗಿದಾಗ ಆವಿ ಅಲ್ಲೇ ಹನಿಗಟ್ಟುತ್ತದೆ. ಹಾಗೆ ಹನಿಗಟ್ಟುವ ಒಂದು ಕಿಲೋ ಆವಿ ಬಿಟ್ಟುಕೊಡುವ ಶಾಖ 2,500 ಕಿಲೋಜೂಲ್. ಏಳು ಕಿಲೋಗೂ ಹೆಚ್ಚು ಹಿಮ ಕರಗಿಸಲು ಅಷ್ಟು ಸಾಕು. ಒಣಗಾಳಿಯಲ್ಲಿ ಇದು ತಿರುವುಮುರುವಾಗುತ್ತದೆ: ಹಿಮ ಆವಿಯಾಗಿ ಹಾರಿ ತನ್ನನ್ನು ತಾನೇ ತಂಪಾಗಿಸಿಕೊಳ್ಳುತ್ತದೆ. ಒಂದೇ ಉಷ್ಣತೆಯ ಎರಡು ದಿನಗಳಲ್ಲಿ ಕರಗುವ ಪ್ರಮಾಣ ಬೇರೆ ಬೇರೆಯಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಉಷ್ಣಮಾಪಕ ಮಾತ್ರ ನೋಡಿ ಹಿಮದ ಲೆಕ್ಕ ಹಾಕುವವರು ಮೋಸ ಹೋಗುವುದೂ ಇಲ್ಲೇ.

ಇದರ ಜೊತೆಗೆ ಮೋಡ. ಹಗಲಿನಲ್ಲಿ ಬಿಸಿಲನ್ನು ತಡೆದ ಮೋಡವೇ ರಾತ್ರಿ ಶಾಖ ಹೊರಹೋಗದಂತೆ ತಡೆಯಿತು. ಮಾಮೂಲಿ ಜೂನ್‌ನಲ್ಲಿ ಬೆಟ್ಟದ ತೊರೆಗಳಿಗೆ ಒಂದು ದಿನಚರಿ ಇರುತ್ತದೆ. ಮಧ್ಯಾಹ್ನ ಕರಗಿದ ನೀರು ಸಂಜೆಯ ಹೊತ್ತಿಗೆ ಅಥವಾ ನಡುರಾತ್ರಿಗೆ ತೊರೆಯನ್ನು ಉಬ್ಬಿಸುತ್ತದೆ, ಬೆಳಗಿನ ಜಾವ ಹಿಮದ ಮೇಲ್ಪದರ ಮತ್ತೆ ಹೆಪ್ಪುಗಟ್ಟಿ ತೊರೆ ಇಳಿಯುತ್ತದೆ. ದಿನಕ್ಕೊಮ್ಮೆ ಸಿಗುವ ಆ ಬಿಡುವಿನಲ್ಲಿ ಕಾಲುವೆಗಳು ಬರಿದಾಗಿ ಮರುದಿನದ ನೀರಿಗೆ ಜಾಗ ಮಾಡಿಕೊಡುತ್ತವೆ. ಈ ಮೂರು ದಿನ ಆ ಬಿಡುವು ಸಿಗಲಿಲ್ಲ.

ಹಿಮರಾಶಿ ಮಳೆನೀರನ್ನು ಹೀರಿ ಹಿಡಿದಿಟ್ಟುಕೊಳ್ಳಬಹುದಿತ್ತಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಜನವರಿಯಲ್ಲಾಗಿದ್ದರೆ ಹಿಡಿಯುತ್ತಿತ್ತು. ಸೊನ್ನೆಗಿಂತ ಎಷ್ಟೋ ಕೆಳಗಿರುವ ಒಣ ಹಿಮದೊಳಗೆ ಇಳಿದ ಮಳೆನೀರು ಮೊದಲು ಅಲ್ಲೇ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ಬಿಡುವ ಶಾಖದಿಂದ ಹಿಮವನ್ನು ಸೊನ್ನೆಯತ್ತ ತರುತ್ತದೆ. ಆ ಚಳಿಯ ಸಾಲ ತೀರುವವರೆಗೆ ಕೆಳಗೆ ಒಂದು ಹನಿಯೂ ಹೊರಬರದಿರಬಹುದು. ಸಾಲ ತೀರಿದ ಮೇಲೂ ಹರಳುಗಳ ನಡುವೆ ಹಿಮದ ತೂಕದ ನೂರಕ್ಕೆ ಕೆಲವೇ ಪಾಲು ನೀರು ನಿಲ್ಲುತ್ತದೆ, ಅಷ್ಟೇ. ಜೂನ್ ಹಿಮ ಇವೆರಡನ್ನೂ ದಾಟಿ ಹಣ್ಣಾಗಿರುತ್ತದೆ. ಮೇಲಿನಿಂದ ತಳದವರೆಗೆ ಸೊನ್ನೆ ಡಿಗ್ರಿ, ಹರಳುಗಳು ಉರುಟಾಗಿ ದಪ್ಪಗಾಗಿ, ನೀರು ಇಳಿದು ಇಳಿದು ಒಳಗೆ ಲಂಬವಾದ ದಾರಿಗಳು ಮೂಡಿರುತ್ತವೆ. ಮೇಲೆ ಬಿದ್ದ ಮಳೆ ಆ ದಾರಿಗಳಲ್ಲಿ ಕೆಲವೇ ಗಂಟೆಗಳಲ್ಲಿ ನೆಲ ಸೇರುತ್ತದೆ. ಅಂಥ ಹಿಮವನ್ನು ಸ್ಪಂಜು ಎನ್ನುವುದಕ್ಕಿಂತ ಜರಡಿ ಎನ್ನುವುದು ಸರಿ.

ಈ ಪರ್ವತಗಳಲ್ಲಿ ಹಿಮದ ತೂಕ ಅಳೆಯುವ ಸ್ವಯಂಚಾಲಿತ ಕೇಂದ್ರಗಳಿವೆ, ಸ್ನೋಟೆಲ್ ಜಾಲದವು. ನೆಲದ ಮೇಲೆ ಹಾಸಿದ, ಹೆಪ್ಪುಗಟ್ಟದ ದ್ರವ ತುಂಬಿದ ಚಪ್ಪಟೆ ದಿಂಬು. ಅದರ ಮೇಲೆ ಹಿಮದ ಭಾರ ಬಿದ್ದಷ್ಟೂ ದ್ರವದ ಒತ್ತಡ ಏರುತ್ತದೆ, ಆ ಒತ್ತಡವೇ ಹಿಮದಲ್ಲಿರುವ ನೀರಿನ ಆಳವಾಗಿ ದಾಖಲಾಗುತ್ತದೆ. ಪಕ್ಕದಲ್ಲೇ ಮಳೆ ಹಿಮ ಎರಡನ್ನೂ ಹಿಡಿಯುವ ಎತ್ತರದ ಕೊಳವೆಯಾಕಾರದ ಮಾಪಕ. ಮಳೆಯ ದಿನ ಈ ಎರಡನ್ನೂ ಒಟ್ಟಿಗೆ ಓದಬೇಕು. ದಿಂಬು 40 ಮಿಲಿಮೀಟರ್ ಇಳಿಕೆ ತೋರಿಸಿತು, ಮಾಪಕದಲ್ಲಿ 50 ಮಿಲಿಮೀಟರ್ ಮಳೆ ಸಿಕ್ಕಿತು ಎಂದುಕೊಳ್ಳಿ. ಹಿಮದ ತಳದಿಂದ ಹೊರಬಂದ ನೀರು 40 ಅಲ್ಲ, 50 ಅಲ್ಲ, 90. ಇನ್ನೊಂದು ದಿನ ದಿಂಬಿನ ತೂಕ ಕಿಂಚಿತ್ತೂ ಬದಲಾಗದಿರಬಹುದು. ಏನೂ ಆಗಿಲ್ಲವೆಂದು ಅದರ ಅರ್ಥವಲ್ಲ, ಬಿದ್ದ ಅಷ್ಟೂ ಮಳೆ ಹಿಮವನ್ನು ದಾಟಿ ನೆಲಕ್ಕೆ ಹೋಗಿರಬಹುದು. ನೆಲದ ಪಾಲಿಗೆ ಬರುವುದು ಈ ಮೊತ್ತ. ಹಾಗೆ ಕೂಡಿಸಿದಾಗ ಅಬ್ಸರೋಕಾ ಬೇರ್‌ಟೂತ್‌ಗಳ ಕೆಲವು ಭಾಗಗಳಲ್ಲಿ ಮೂರು ದಿನಗಳಲ್ಲಿ ನೆಲಕ್ಕೆ ಇಳಿದ ನೀರು ಯಾವ ಹಿಮದ ನೆರೆಯೂ ಒಂಟಿಯಾಗಿ ಕೊಡಲಾರದಷ್ಟಿತ್ತು. ಹಿಮ ತನ್ನ ಮಿತಿಯ ಅಂಚಿನಲ್ಲಿ ಕರಗುತ್ತಿತ್ತು. ಅದೇ ಹೊತ್ತಿಗೆ ಅಂಥ ಮಿತಿ ಇಲ್ಲದ ಮಳೆ ಅದರ ಮೇಲೆ ಬಂದು ಕೂಡಿಕೊಂಡಿತು.

ನೆಲಕ್ಕೆ ಬಂದ ನೀರು ತೊರೆ ಸೇರುವುದು ಹೇಗೆ ಎಂಬುದು ಇನ್ನೊಂದು ಕಥೆ. ಕಾಡುಬೆಟ್ಟಗಳ ಮಣ್ಣು ಸಾಮಾನ್ಯವಾಗಿ ಬಹಳ ಸಡಿಲ. ಎಂಥ ಮಳೆಯನ್ನೂ ಇಂಗಿಸಿಕೊಳ್ಳುವ ಶಕ್ತಿ ಅದಕ್ಕಿರುತ್ತದೆ. ಹಾಗಿದ್ದೂ ತೊರೆಗಳು ಗಂಟೆಗಳಲ್ಲಿ ಉಕ್ಕುವುದೇಕೆ ಎಂಬ ಒಗಟನ್ನು ಬಿಡಿಸುವಲ್ಲಿ ದೊಡ್ಡ ಹೆಜ್ಜೆಯಿಟ್ಟವರು ಥಾಮಸ್ ಡನ್ ಮತ್ತು ಆರ್.ಡಿ. ಬ್ಲ್ಯಾಕ್. ವರ್ಮಾಂಟ್ ರಾಜ್ಯದ ಸ್ಲೀಪರ್ಸ್ ರಿವರ್ ಎಂಬ ಶೀತಪ್ರದೇಶದ ಸಂಶೋಧನಾ ಜಲಾನಯನದಲ್ಲಿ ಇಳಿಜಾರಿಗೆ ಅಡ್ಡವಾಗಿ ಕಂದಕ ತೋಡಿ, ನೆಲದ ಮೇಲಿಂದ ಬಂದ ನೀರನ್ನೂ ಮಣ್ಣಿನ ಬೇರೆ ಬೇರೆ ಆಳದಿಂದ ಜಿನುಗಿದ ನೀರನ್ನೂ ಅವರು ಪ್ರತ್ಯೇಕವಾಗಿ ಅಳೆದರು. 1970ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಮಳೆ ಬಂದಾಗಿನ ಹಠಾತ್ ಹರಿವಿನ ಬಹುಪಾಲು ಬಂದದ್ದು ತೊರೆಯ ಇಕ್ಕೆಲದ ತಗ್ಗಿನ ಸಣ್ಣ ಪಟ್ಟಿಗಳಿಂದ. ಅಂತರ್ಜಲ ಮೇಲೇರಿ ಮಣ್ಣು ಪೂರ್ತಿ ತುಂಬಿಹೋದ ಆ ಪಟ್ಟಿಗಳ ಮೇಲೆ ಬಿದ್ದ ನೀರಿಗೆ ಇಂಗಲು ಜಾಗವಿಲ್ಲದೆ ಅದು ನೇರವಾಗಿ ಹರಿಯುತ್ತದೆ. ತೇವ ಹೆಚ್ಚಿದಂತೆ ಈ ಪಟ್ಟಿಗಳು ಅಗಲವಾಗುತ್ತ ಬೆಟ್ಟದ ಮೇಲಕ್ಕೆ ಹಬ್ಬುತ್ತವೆ.

ಯೆಲ್ಲೊಸ್ಟೋನ್‌ಗೆ ಇದನ್ನು ಅನ್ವಯಿಸಿ ನೋಡಿದಾಗ ತಡವಾದ ವಸಂತದ ಪಾತ್ರ ಕಾಣುತ್ತದೆ. ತಿಂಗಳುಗಟ್ಟಲೆ ತೇವ ಹಿಡಿದ ಮಣ್ಣು, ಮೇಲೆ ಹಲವು ದಿನಗಳಿಂದ ಇಳಿಯುತ್ತಿದ್ದ ಹಿಮನೀರು. ಬೇಸಿಗೆಯ ಕೊನೆಯಲ್ಲಿ ಇದೇ ಮೂರು ಅಂಗುಲ ಮಳೆ ಬಿದ್ದಿದ್ದರೆ ಒಣಮಣ್ಣು ಅದರಲ್ಲಿ ದೊಡ್ಡ ಪಾಲನ್ನು ನುಂಗಿಕೊಳ್ಳುತ್ತಿತ್ತು. ಜೂನ್ 10ರಂದು ನುಂಗಲು ಜಾಗವಿರಲಿಲ್ಲ.

ನದಿಯಲ್ಲಿ ಹರಿದದ್ದೆಲ್ಲ ಅಂದಂದಿನ ಮಳೆ ಮತ್ತು ಹಿಮದ ನೀರೇ ಎಂದು ಭಾವಿಸಬೇಕಿಲ್ಲ. ಆಗಿನ ಚೆಕೊಸ್ಲೊವಾಕಿಯಾದ ಮೊದ್ರಿ ದುಲ್ ಎಂಬ ಪುಟ್ಟ ಬೆಟ್ಟದ ಕಣಿವೆಯಲ್ಲಿ ನೀರಿನ ಐಸೊಟೋಪುಗಳನ್ನು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆದು 1970ರಲ್ಲಿ ಪ್ರಕಟಿಸಿದ ಅಧ್ಯಯನ ಅನೇಕರನ್ನು ಬೆಚ್ಚಿಬೀಳಿಸಿತು. ಹಿಮ ಕರಗುವ ಕಾಲದ ಹರಿವಿನಲ್ಲಿ ಸುಮಾರು ಮೂರನೇ ಎರಡರಷ್ಟು ಆ ವರ್ಷದ ಹಿಮದ ನೀರೇ ಆಗಿರಲಿಲ್ಲ. ಮೊದಲೇ ನೆಲದಲ್ಲಿದ್ದ ನೀರನ್ನು ಹೊಸ ನೀರು ಒತ್ತಿ ಹೊರಹಾಕಿತ್ತು. ಆಮೇಲೆ ಸ್ವೀಡನ್, ಕೆನಡಾ, ವರ್ಮಾಂಟ್‌ಗಳ ಅನೇಕ ಕಾಡುತೊರೆಗಳಲ್ಲಿ ಇಂಥದೇ ಫಲಿತಾಂಶ ಸಿಕ್ಕಿತು. ಅಂತರ್ಜಲ ಮೇಲ್ಮಣ್ಣಿನ ಸಡಿಲ ಪದರಕ್ಕೆ ಏರಿದ ಕೂಡಲೇ ಪಕ್ಕಕ್ಕೆ ಹರಿಯುವ ವೇಗ ಹಲವು ಪಟ್ಟು ಹೆಚ್ಚುವುದೇ ಇದಕ್ಕೆ ಕಾರಣ. ಬೋಳುಬಂಡೆಯ ಕಡಿದಾದ ಇಳಿಜಾರುಗಳಲ್ಲಿ ಈ ಹಳೆಯ ನೀರಿನ ದಾಸ್ತಾನು ಸಣ್ಣದು. ಅಂಥಲ್ಲಿ ಹೊಸ ನೀರೇ ಮೇಲುಗೈ.

ಜಲಾನಯನ ಪ್ರದೇಶದ ಎಲ್ಲ ಭಾಗಗಳೂ ಈ ನೆರೆಗೆ ಸಮನಾಗಿ ನೀರು ಕೊಡಲಿಲ್ಲ. ಕಾರ್ವಿನ್ ಸ್ಪ್ರಿಂಗ್ಸ್‌ಗಿಂತ ಮೇಲಿನ 2,600 ಚದರ ಮೈಲಿಯಲ್ಲಿ ಸುಮಾರು ಸಾವಿರ ಚದರ ಮೈಲಿಯ ನೀರು ಮೊದಲು ಯೆಲ್ಲೊಸ್ಟೋನ್ ಸರೋವರಕ್ಕೆ ಹೋಗುತ್ತದೆ. ಆ ಸರೋವರದ ಹರವು 340 ಚದರ ಕಿಲೋಮೀಟರ್ ದಾಟುತ್ತದೆ. 50 ಸಾವಿರ ಕ್ಯೂಸೆಕ್ ನೀರನ್ನು ಇಡೀ ಒಂದು ದಿನ ಅದಕ್ಕೆ ತುಂಬಿದರೂ ಅದು ಏರುವುದು ಮೂವತ್ತೈದು ಸೆಂಟಿಮೀಟರ್‌ನ ಆಸುಪಾಸು. ನೆರೆಯನ್ನು ಹಿಡಿದು ವಾರಗಟ್ಟಲೆ ನಿಧಾನವಾಗಿ ಬಿಡುವುದು ಅದರ ಸ್ವಭಾವ. ಯೆಲ್ಲೊಸ್ಟೋನ್ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ, ಆದರೆ ಮೇಲ್ಭಾಗಕ್ಕೆ ಪ್ರಕೃತಿಯೇ ಇಂಥದೊಂದನ್ನು ಕೊಟ್ಟಿದೆ. ಅಂದಮೇಲೆ ಜೂನ್ 13ರ ನೀರಿನ ಬಹುಪಾಲು ಸರೋವರದ ಕೆಳಗಿನ ಸುಮಾರು 1,600 ಚದರ ಮೈಲಿಯಿಂದ ಬಂದಿರಬೇಕು: ಅಬ್ಸರೋಕಾದ ಇಳಿಜಾರುಗಳನ್ನು ಬಸಿಯುವ ಲಾಮಾರ್ ನದಿ ಮತ್ತು ಅದರ ಉಪನದಿಗಳು, ಗಾರ್ಡ್‌ನರ್ ನದಿ, ಇತರ ಹಳ್ಳಗಳು. ಇಡೀ ಪ್ರದೇಶಕ್ಕೆ ಹಂಚಿದಾಗ 50 ಸಾವಿರ ಕ್ಯೂಸೆಕ್ ಎಂದರೆ ದಿನಕ್ಕೆ 18 ಮಿಲಿಮೀಟರ್. ಸರೋವರದ ಪಾಲನ್ನು ಬಿಟ್ಟು ಹಂಚಿದರೆ 25 ಮಿಲಿಮೀಟರ್ ದಾಟುತ್ತದೆ. ಲಾಮಾರ್ ಕಣಿವೆಯಲ್ಲಿ ಈಶಾನ್ಯದ ರಸ್ತೆ ಅಷ್ಟು ಘಾಸಿಗೊಂಡದ್ದು ಸುಮ್ಮನೆ ಅಲ್ಲ.

ಉದ್ಯಾನದ ದಕ್ಷಿಣ ಮತ್ತು ಪಶ್ಚಿಮದಲ್ಲಿ ಪರಿಸ್ಥಿತಿಯೇ ಬೇರೆಯಿತ್ತು. ಮಳೆಯ ಹೊಡೆತ ಅಲ್ಲಿ ಕಡಿಮೆಯಿತ್ತು ಎಂಬುದು ನಿಜ. ಅದರ ಮೇಲೆ, ಅಲ್ಲಿನ ಪ್ರಸ್ಥಭೂಮಿ ಜ್ವಾಲಾಮುಖಿಯಿಂದ ಹುಟ್ಟಿದ, ಬಿರುಕುಗಳಿಂದ ತುಂಬಿದ ರಯೊಲೈಟ್ ಶಿಲೆಯದು. ಹಿಮನೀರು ಅದರ ಆಳಕ್ಕಿಳಿದು ಒರತೆಗಳಾಗಿ ಹೊರಬರುವುದರಿಂದ ಫೈರ್‌ಹೋಲ್, ಮ್ಯಾಡಿಸನ್‌ನಂಥ ನದಿಗಳು ವರ್ಷವಿಡೀ ಹೆಚ್ಚು ಏರಿಳಿತವಿಲ್ಲದೆ ಹರಿಯುತ್ತವೆ. ದಕ್ಷಿಣದ ರಸ್ತೆ ವರ್ತುಲ ಜೂನ್ 22ಕ್ಕೇ ಮತ್ತೆ ತೆರೆಯಿತು. ಉತ್ತರದ ವರ್ತುಲಕ್ಕೆ ಜುಲೈ 2ರವರೆಗೆ ಕಾಯಬೇಕಾಯಿತು. ಈಶಾನ್ಯ ಮತ್ತು ಉತ್ತರದ ದ್ವಾರಗಳಿಂದ ಮಾಮೂಲಿ ವಾಹನ ಸಂಚಾರ ಶುರುವಾಗುವಾಗ ಅಕ್ಟೋಬರ್ ಬಂದಿತ್ತು.

ಮುನ್ಸೂಚನೆಯಲ್ಲಿ ಮಳೆ ಇತ್ತು. ನದಿಗಳು ಏರುತ್ತವೆ ಎಂಬ ಎಚ್ಚರಿಕೆಯೂ ಇತ್ತು. ಈ ಮಟ್ಟದ ವಿನಾಶವನ್ನು ಮಾತ್ರ ಅದು ಸೂಚಿಸಲಿಲ್ಲ. ಹವಾಮಾನ ತಜ್ಞರನ್ನು ದೂರುವುದು ಸುಲಭ, ಆದರೆ ಅವರ ಕಷ್ಟವೂ ಅರ್ಥವಾಗುವಂಥದ್ದು. ಮಳೆ ಮತ್ತು ಹಿಮಪಾತದ ನಡುವಿನ ಗೆರೆ ಬೆಟ್ಟದ ಯಾವ ಎತ್ತರದಲ್ಲಿ ನಿಲ್ಲುತ್ತದೆ ಎಂಬ ಅಂದಾಜು ಒಂದೆರಡು ನೂರು ಮೀಟರ್ ತಪ್ಪಿದರೂ ನೂರಾರು ಚದರ ಕಿಲೋಮೀಟರ್ ಪ್ರದೇಶ ನೀರನ್ನು ಕೂಡಿಡುವುದರ ಬದಲು ಹರಿಯಬಿಡುತ್ತದೆ. ಹಿಮ ಅಳೆಯುವ ದಿಂಬುಗಳು ಬೆರಳೆಣಿಕೆಯಷ್ಟು, ಅವೂ ಹೆಚ್ಚಾಗಿ ಕಾಡಿನ ಬಯಲುಗಳಲ್ಲಿ. ಗಾಳಿಗೆ ತೆರೆದುಕೊಂಡ ಮರಗಳಿಲ್ಲದ ಎತ್ತರದಲ್ಲಿ, ಅಂದರೆ ಹನಿಗಟ್ಟುವ ಆವಿ ಅತಿ ಹೆಚ್ಚು ಹಿಮ ಕರಗಿಸುವ ಜಾಗದಲ್ಲಿ, ಅವು ತೀರ ವಿರಳ. ಉಷ್ಣತೆಯೊಂದನ್ನೇ ನಂಬಿ ಕರಗುವಿಕೆಯನ್ನು ಅಂದಾಜಿಸುವ ಸರಳ ಸೂತ್ರಗಳು ಬಿಸಿಲಿನ ದಿನಗಳಿಗೆ ಚೆನ್ನಾಗಿ ಒಗ್ಗುತ್ತವೆ. ತೇವಗಾಳಿ ಬೀಸುವ ಮೋಡದ ರಾತ್ರಿಗೆ ಅವು ಸಾಲುವುದಿಲ್ಲ.

ಕೊನೆಯದಾಗಿ, ಇದು ‘500 ವರ್ಷಕ್ಕೊಮ್ಮೆ’ ಬರುವ ನೆರೆ ಎಂದು ಆಗ ಕೇಳಿಬಂದ ಮಾತು. ಯಾವುದೇ ಒಂದು ವರ್ಷದಲ್ಲಿ ಇಂಥ ನೆರೆ ಬರುವ ಸಾಧ್ಯತೆ ಶೇ 0.2 ಮಾತ್ರ ಎಂಬುದು ಅದರ ಅರ್ಥ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಕೊಟ್ಟ ಈ ಅಂದಾಜು ಪದ್ಧತಿಯ ಪ್ರಕಾರ ಸರಿಯೇ ಇದೆ. ನನಗೆ ತಕರಾರಿರುವುದು ಅದನ್ನು ಓದುವ ರೀತಿಯ ಬಗ್ಗೆ. ಅಲ್ಲಿನ ವಾರ್ಷಿಕ ಗರಿಷ್ಠಗಳ ಸಾಲಿನಲ್ಲಿ ಬಹುಪಾಲು ಹಿಮವೊಂದರಿಂದಲೇ ಹುಟ್ಟಿದ ನೆರೆಗಳು, ಸೂರ್ಯ ಹಾಕಿದ ಮಿತಿಯ ಕೆಳಗೆ ಒತ್ತೊತ್ತಾಗಿ ಕೂತಿರುವಂಥವು. ಅವುಗಳ ಮೇಲೆ ಎಳೆದ ವಕ್ರರೇಖೆ ಮೇಲೆ ಹೋದಂತೆ ಚಪ್ಪಟೆಯಾಗುತ್ತದೆ. ಮಳೆಯೂ ಹಿಮವೂ ಕೂಡಿದ ನೆರೆ ಬೇರೆಯೇ ಜಾತಿಯದು, ಅದಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಲೆಕ್ಕ ಹಾಕಿದರೆ ಎರಡನೆಯದು ನಂಬಲಾಗದಷ್ಟು ಅಪರೂಪವಾಗಿ ಕಾಣುತ್ತದೆ. ಬೇರ್ಪಡಿಸಿ ಹಾಕಲು ಹೊರಟರೆ ಎರಡನೆಯ ಜಾತಿಯ ಉದಾಹರಣೆಗಳು ದಾಖಲೆಯಲ್ಲಿ ತೀರ ಕಡಿಮೆ. ಸೇತುವೆಯ ಎತ್ತರ ನಿರ್ಧರಿಸುವ ಎಂಜಿನಿಯರ್ ಅಂಥಲ್ಲಿ ನದಿಯ ಹಳೆಯ ಅಂಕಿಗಳನ್ನು ಮಾತ್ರ ನೆಚ್ಚಿಕೊಂಡರೆ ಸಾಲದು. ಜೂನ್‌ನಲ್ಲಿ ಆ ಎತ್ತರಕ್ಕೆ ಎಷ್ಟು ತೇವಾಂಶ ಬಂದು ತಲುಪಬಲ್ಲದು, ಆಗ ಎಷ್ಟು ಪ್ರದೇಶದ ಮೇಲೆ ಹಣ್ಣಾದ ಹಿಮ ಇರಬಹುದು ಎಂಬ ಎರಡು ಪ್ರಶ್ನೆಗಳನ್ನು ಅವರು ಬೇರೆಯಾಗಿಯೇ ಕೇಳಿಕೊಂಡು, ಎರಡೂ ಒಂದೇ ವಾರದಲ್ಲಿ ಕೂಡಿಬಂದರೆ ಬರುವ ಹರಿವನ್ನು ಲೆಕ್ಕ ಹಾಕಬೇಕಾಗುತ್ತದೆ.